ಅಡ್ಮಿಶನ್ ಫಾರಂನಲ್ಲಿ ಇಲ್ದಿರೋ ಮೀಡಿಯಂ

ನಮ್ಮ ಕಡೆ ಡಿಗ್ರಿ ಅಡ್ಮಿಶನ್ ಟೈಮಲ್ಲಿ ಕೌಂಟರ್ ಹತ್ರ ನಿಂತ್ರೆ ಪದೇ ಪದೇ ಕೇಳೋದು ಒಂದೇ ಪ್ರಶ್ನೆ, ಮೀಡಿಯಂ ಯಾವ್ದು? ಬಳ್ಳಾರಿ ಅಂದ್ರೆ ಗೊತ್ತಲ್ರಿ, ಎಷ್ಟೋ ಮನೆಗಳಲ್ಲಿ ತೆಲುಗು, ಬೀದೀಲಿ ಕನ್ನಡ, ಕೌಲ್ ಬಜಾರ್ ಕಡೆ ಹೋದ್ರೆ ಉರ್ದು, ತಾಂಡಾದಿಂದ ಬರೋ ಮಕ್ಕಳ ಬಾಯಲ್ಲಿ ಲಂಬಾಣಿ, ಇಷ್ಟೂ ಭಾಷೆ ಇಟ್ಕೊಂಡು ಬಂದೋರು ಫಾರಂ ಮೇಲೆ ಕನ್ನಡ ಇಲ್ಲಾ ಇಂಗ್ಲಿಷ್ ಅಂತ ಒಂದು ಟಿಕ್ ಹಾಕಿ ಫೀ ಕಟ್ಟಿ ಹೋಗ್ತಾರೆ. ಆ ಕಾಲಂ ಬಗ್ಗೆ ನಾನು ತಲೆ ಕೆಡಿಸ್ಕೊಂಡಿದ್ದು ಒಬ್ಬ ಹುಡುಗನಿಂದ. ಹುಟ್ಟಿದಾಗಿಂದ ಕಿವಿ ಕೇಳಲ್ಲ, ಕುರುಗೋಡು ಕಡೆ ಹಳ್ಳಿಯೋನು, ಬಿಎ ಸೇರಿದ್ದ, ಅವರಪ್ಪ ಪಕ್ಕದಲ್ಲಿ ನಿಂತು ಮೀಡಿಯಂ ಕನ್ನಡ ಅಂತ ಬರೆಸಿದ್ರು, ಅವರಿಗಾದ್ರೂ ಬೇರೆ ಏನು ಬರೆಸೋಕಿತ್ತು. ಎರಡನೇ ಸೆಮಿಸ್ಟರ್ ಹೊತ್ತಿಗೆ ನನ್ ಜೊತೆ ಸಲುಗೆ ಬೆಳೆದ ಮೇಲೆ ಅವ್ನು ಮೊಬೈಲ್‌ನಲ್ಲಿ ಟೈಪ್ ಮಾಡಿ ತೋರಿಸಿದ: "ನಾನು ಕನ್ನಡ ಮೀಡಿಯಂ ಯಾಕೆ. ನಾನು ಸೈನ್." ಸೈನ್ ಅಂದ್ರೆ ಕಿವುಡರು ಕೈ, ಮುಖದಲ್ಲಿ ಆಡೋ ಭಾಷೆ. ನನ್ ಪ್ರಕಾರ ಅವ್ನು ಹೇಳಿದ್ದು ನೂರಕ್ಕೆ ನೂರು ಸರಿ, ಯಾಕೆ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಟೀ ಪಕ್ಕದಲ್ಲಿಟ್ಕೊಂಡು ಓದ್ರಿ.

ಮೊದ್ಲು ನನ್ ಹಿನ್ನೆಲೆ. ಇತಿಹಾಸದಲ್ಲಿ ಎಂಎ ಮಾಡಿದ್ದು ಇಲ್ಲೇ ಕಂಟೋನ್ಮೆಂಟ್ ಕಡೆ ಇರೋ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ, 2010ರಲ್ಲಿ ಅದು ಶುರುವಾಗೋಕೆ ಮುಂಚೆ ನಮ್ಮ ಸೀನಿಯರ್ಸ್ ಎಲ್ಲಾ ಗುಲ್ಬರ್ಗಾ ವಿವಿ ಸರ್ಟಿಫಿಕೇಟ್‌ನೋರು. ಆಮೇಲೆ ಕಾಲೇಜಲ್ಲಿ ಪಾಠ ಹೇಳೋಕೆ ಬೇಕಾದ ಕೆ-ಸೆಟ್ ಪರೀಕ್ಷೆ, ಆಮೇಲೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ, ಆಮೇಲೆ ಪಾರ್ಟ್ ಟೈಮ್ ಪಿಎಚ್‌ಡಿ. ಈ ಭಾಗದಲ್ಲಿ ಎಂಎ ಮಾಡಿದೋರ ಜಾತಕ ಹೆಚ್ಚುಕಮ್ಮಿ ಇದೇ ಆರ್ಡರ್‌ನಲ್ಲಿ ಇರತ್ತೆ. 2022ರಲ್ಲಿ ಸರ್ಕಾರ ನಮ್ಮ ಗೌರವಧನ ಏರಿಸ್ತು, 11-13 ಸಾವಿರ ಇದ್ದದ್ದು 26ರಿಂದ 32 ಸಾವಿರದವರೆಗೆ ಆಯ್ತು, ಅದ್ರ ಜೊತೆಗೇ ವಾರಕ್ಕೆ 15 ತಾಸು ಪಾಠ ಅಂತಲೂ ಆಯ್ತು, ಅಂದ್ರೆ ಇಬ್ರು ಹಂಚ್ಕೊಂಡು ಮಾಡ್ತಿದ್ದ ಕೆಲಸ ಒಬ್ರ ತಲೆ ಮೇಲೆ ಬಂತು, ಇನ್ನೊಬ್ರು ಮನೆಗೆ ಹೋದ್ರು. ಅದ್ರ ಮಧ್ಯೆ ಡಿಗ್ರಿ ಮೂರು ವರ್ಷ ಇದ್ದದ್ದು ಹೊಸ ಶಿಕ್ಷಣ ನೀತಿ ಎನ್‌ಇಪಿ ಅಂತ ನಾಕಾಯ್ತು, 2024ರಲ್ಲಿ ಮತ್ತೆ ಮೂರಕ್ಕೆ ಬಂತು, ಸಿಲೆಬಸ್ ಕಾಪಿ ಕೈಗೆ ಸಿಗೋ ಹೊತ್ತಿಗೆ ಸಿಲೆಬಸ್ಸೇ ಬದಲಾಗಿರತ್ತೆ. ಹೋಗ್ಲಿ ಬಿಡ್ರಿ, ಆ ಕಥೆಗೆ ಇನ್ನೊಂದು ದಿನ ಬೇಕು.

ನನ್ನ ಪಿಎಚ್‌ಡಿ ಪಾಳೇಗಾರರ ಮೇಲೆ. 1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪಾ ಎಲ್ಲಾ ಬ್ರಿಟಿಷರಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಬಂದು 1807ರವರೆಗೂ ಇಲ್ಲಿದ್ದು ಇಲ್ಲಿನ ಪಾಳೇಗಾರರನ್ನ ಹೆಂಗೆ ಮಟ್ಟ ಹಾಕಿದ ಅನ್ನೋದು. ಕೋರ್ಸ್‌ವರ್ಕ್‌ನಲ್ಲಿ ರಿಸರ್ಚ್ ಮೆಥಡಾಲಜಿ ಹೇಳ್ಕೊಟ್ರು, ಅಡಿಟಿಪ್ಪಣಿ ಹೆಂಗೆ ಹಾಕೋದು ಹೇಳ್ಕೊಟ್ರು, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನ ಯೂನಿಕೋಡ್‌ಗೆ ಬದಲಾಯಿಸೋ ಹೊತ್ತಿಗೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗೋದನ್ನ ಯಾರೂ ಹೇಳ್ಕೊಡ್ಲಿಲ್ಲ, ಅದನ್ನ ರಾತ್ರಿ ಕೂತು ನಾವೇ ಕಲಿತ್ವಿ. ಪಾಠ ಹೇಳೋದು ಹೆಂಗೆ ಅನ್ನೋದನ್ನೂ ಯಾರೂ ಹೇಳ್ಕೊಡ್ಲಿಲ್ಲ. ಇದು ವಿಚಿತ್ರ ನೋಡ್ರಿ, ಒಂದನೇ ಕ್ಲಾಸ್ ಮಕ್ಕಳಿಗೆ ಪಾಠ ಹೇಳೋಕೆ ಡಿ.ಎಡ್ ಬೇಕು, ಹೈಸ್ಕೂಲ್‌ಗೆ ಬಿ.ಎಡ್ ಬೇಕು, ಕಿವುಡ ಮಕ್ಕಳಿಗೆ ಅಂತಲೇ ಬೇರೆ ಸ್ಪೆಷಲ್ ಬಿ.ಎಡ್ ಐತೆ, ಆದ್ರೆ ಡಿಗ್ರಿ ಕಾಲೇಜಿಗೆ ಬಂದ್ರೆ ನೆಟ್ಟು-ಸೆಟ್ಟು ಇದ್ರೆ ಸಾಕು, ಮುಂದೆ ಕೂತಿರೋ ಹುಡುಗರಿಗೆ ಅರ್ಥ ಆಗೋ ಹಂಗೆ ಹೇಳೋಕೆ ಬರತ್ತಾ ಅಂತ ಯಾರೂ ಕೇಳಲ್ಲ. ಕಿವಿ ಕೇಳೋ ಹುಡುಗ್ರೇ ಇದ್ರಿಂದ ಒದ್ದಾಡ್ತಾರೆ, ಇನ್ನು ಕೇಳದೇ ಇರೋರ ಗತಿ?

ಆ ಹುಡುಗ ಮೊದಲ ಬೆಂಚಲ್ಲಿ ಕೂರ್ತಿದ್ದ. ಎಲ್ಲರೂ ಅಂದ್ಕೊಂಡಿದ್ದು ಅವ್ನು ತುಟಿ ನೋಡಿ ತಿಳ್ಕೊಳ್ತಾನೆ ಅಂತ. ತುಟಿ ನೋಡಿ ಕನ್ನಡ ಓದೋದು ಎಷ್ಟು ಕಷ್ಟ ಅಂತ ಗೊತ್ತಾಗ್ಬೇಕಂದ್ರೆ ಕನ್ನಡಿ ಮುಂದೆ ನಿಂತು ದನಿ ಇಲ್ದಂಗೆ ಪರ, ಬರ, ಮರ ಅನ್ರಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆಗೀತದೆ. ಕ, ಗ ಅಂತೂ ಗಂಟಲ ಹತ್ರ ಹುಟ್ಟೋವು, ಹೊರಗೆ ಕಾಣೋದೇ ಇಲ್ಲ. ಬಳ್ಳಾರಿ ಜಿಲ್ಲೇಲಿ 1876-78ರ ಧಾತು ವರ್ಷದ ಬರಗಾಲ ಪಾಠ ನಡೀತಿರ್ಬೇಕಾದ್ರೆ ಮುಂದೆ ಕೂತೋನಿಗೆ ಅದು ಬರನೋ ಮರನೋ ಅನ್ನೋದನ್ನ ಊಹೆ ಮಾಡೋದೇ ಒಂದು ಕೆಲಸ, ಅಷ್ಟರಲ್ಲಿ ಮುಂದಿನ ವಾಕ್ಯ ಮುಗಿದಿರತ್ತೆ. ಅದ್ರಲ್ಲೂ ನಮ್ಮಲ್ಲಿ ಎಷ್ಟೋ ಜನ ಮೇಷ್ಟ್ರು ಬೋರ್ಡ್ ಕಡೆ ಮುಖ ಮಾಡಿ ಬರೀತಾ ಬರೀತಾ ಮಾತಾಡ್ತಾರೆ, ಕೆಲವರಿಗೆ ಮೀಸೆ ತುಟಿ ಮೇಲೇ ಇಳಿದಿರತ್ತೆ. ತುಟಿ ಓದೋದು ಹಾಳಾಗ್ಲಿ, ತುಟಿ ಎಲ್ಲೈತೆ ಅಂತ ಹುಡುಕ್ಬೇಕು.

ಸರಿ, ನೋಟ್ಸ್ ಬರೆದು ಕೊಟ್ರೆ ಆಯ್ತಲ್ಲ ಅಂತ ಸ್ಟಾಫ್ ರೂಮ್‌ನಲ್ಲಿ ಎಲ್ರೂ ಹೇಳೋರು, ಓದೋಕೆ ಬರತ್ತಲ್ಲ ಅವನಿಗೆ ಅಂತ. ಇಲ್ಲೇ ಇರೋದು ಅಸಲಿ ವಿಷಯ. ನಮಗೆಲ್ಲ ಕನ್ನಡ ಕಿವಿಯಿಂದ ಬಂದದ್ದು, ಅಕ್ಷರ ಕಲಿಯೋಕೆ ಮುಂಚೆನೇ ಸಾವಿರಾರು ಪದ, ವಿಭಕ್ತಿ, ಕಾಲ, ಲಿಂಗ ಎಲ್ಲಾ ತಲೇಲಿ ಕೂತಿರ್ತಾವೆ, ಅಕ್ಷರ ಅನ್ನೋದು ಅದನ್ನ ಕಾಗದದ ಮೇಲೆ ಇಳಿಸೋ ದಾರಿ ಅಷ್ಟೇ. ಹುಟ್ಟು ಕಿವುಡ ಮಗುವಿಗೆ ಹಂಗಲ್ಲ, ಅದಕ್ಕೆ ಲಿಪಿನೂ ಹೊಸದು, ಲಿಪಿಯೊಳಗಿರೋ ಭಾಷೆನೂ ಹೊಸದು. ಸ್ಕೂಲಲ್ಲಿ ಭಾಷೆ ಪೇಪರ್‌ಗಳಿಗೆ ವಿನಾಯಿತಿ ಕೊಟ್ಟು ದಾಟಿಸಿಬಿಡ್ತಾರೆ, ಅದು ಪಾಸಾಗೋಕೆ ಒಳ್ಳೇದೇ, ಆದ್ರೆ ಡಿಗ್ರಿಗೆ ಬಂದಾಗ ಕೈಗೆ ಸಿಗೋದು ಊಳಿಗಮಾನ್ಯ ಪದ್ಧತಿ, ವಸಾಹತುಶಾಹಿ ಧೋರಣೆ, ಪರಾಮರ್ಶನೆ ಇಂಥಾ ಕನ್ನಡ, ಅದು ನಮ್ಮ ಕಿವಿ ಕೇಳೋ ಹುಡುಗರಿಗೇ ಅರ್ಥ ಆಗಲ್ಲ.

ಅವನದ್ದೊಂದು ಇಂಟರ್ನಲ್ ಟೆಸ್ಟ್ ಪೇಪರ್ ನನ್ನ ಹತ್ರ ಐತೆ, ಅವ್ನ ಒಪ್ಪಿಗೆ ತಗೊಂಡೇ ಇಲ್ಲಿ ಹಾಕ್ತಿದೀನಿ. ರಾಯಚೂರು ಯುದ್ಧದ ಬಗ್ಗೆ ಟಿಪ್ಪಣಿ ಬರೀರಿ ಅನ್ನೋ ಪ್ರಶ್ನೆ. ಅವ್ನ ಉತ್ತರ: "1520 ಕೃಷ್ಣದೇವರಾಯ ಆದಿಲ್ ಶಾ ಯುದ್ಧ ರಾಯಚೂರು ಕೋಟೆ. ಫಿರಂಗಿ ಇದೆ ಆದಿಲ್ ಶಾ ಬಹಳ. ಸೋಲು ಆದಿಲ್ ಶಾ ಓಡು ಕೃಷ್ಣಾ ನದಿ ಆನೆ. ಕೋಟೆ ಪೋರ್ಚುಗೀಸ್ ಬಂದೂಕು ಗೋಡೆ ಮೇಲೆ ಜನ ಹೊಡಿ ಕಲ್ಲು ಕೀಳು ಗೆದ್ದ ರಾಯ." ಇದನ್ನ ಓದಿದ ಕೂಡ್ಲೇ ನಮ್ಮೋರು ಹೇಳೋದು ಏನು, ವಾಕ್ಯ ರಚನೆ ಇಲ್ಲ, ವಿಭಕ್ತಿ ಇಲ್ಲ, ಎರಡು ಮಾರ್ಕ್ಸ್. ಆದ್ರೆ ಇತಿಹಾಸದ ಕಣ್ಣಿಂದ ನೋಡ್ರಿ ಒಂದ್ಸಲ. ಇಸ್ಮಾಯಿಲ್ ಆದಿಲ್ ಶಾನ ಕಡೆ ಫಿರಂಗಿ ಜಾಸ್ತಿ ಇತ್ತು ಅನ್ನೋದು ಸರಿ. ಸೋತು ಆನೆ ಮೇಲೆ ಕೃಷ್ಣಾ ನದಿ ದಾಟಿ ತಪ್ಪಿಸ್ಕೊಂಡ ಅಂತ ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿದ್ದಾನೆ, ಅದೂ ಸರಿ. ಕ್ರಿಸ್ಟೋವಾವೊ ಡಿ ಫಿಗರೆಡೊ ಅನ್ನೋ ಪೋರ್ಚುಗೀಸಿನವನ ಬಂದೂಕಿನೋರು ಕೋಟೆ ಗೋಡೆ ಮೇಲಿದ್ದೋರನ್ನ ಹೊಡೆದು ಕೆಳಗಿನೋರಿಗೆ ಕಲ್ಲು ಕೀಳೋಕೆ ದಾರಿ ಮಾಡಿಕೊಟ್ರು, ಅದೂ ಸರಿ. ಅದೇ ಕ್ಲಾಸಲ್ಲಿ ಗೈಡ್ ಬಾಯಿಪಾಠ ಮಾಡಿ ಎರಡು ಪುಟ "ಶ್ರೀಕೃಷ್ಣದೇವರಾಯನು ಮಹಾ ಪರಾಕ್ರಮಿಯಾಗಿದ್ದನು" ಅಂತ ಬರೆದೋರಿಗಿಂತ ಇವನಿಗೆ ಯುದ್ಧ ಗೊತ್ತಿತ್ತು. ನಾನು ಎಂಟು ಕೊಟ್ಟೆ. ಹತ್ತಕ್ಕೆ ಎಂಟು. ಆದ್ರೆ ಸೆಮಿಸ್ಟರ್ ಪೇಪರ್ ನಾನು ವ್ಯಾಲ್ಯುವೇಶನ್ ಮಾಡಲ್ವಲ್ಲ.

ಆ ಉತ್ತರದಲ್ಲಿ ಕನ್ನಡ ವ್ಯಾಕರಣ ಇಲ್ಲ ನಿಜ, ಆದ್ರೆ ವ್ಯಾಕರಣನೇ ಇಲ್ಲ ಅನ್ನೋದು ಸುಳ್ಳು. ಭಾರತೀಯ ಸೈನ್ ಲ್ಯಾಂಗ್ವೇಜ್‌ನಲ್ಲಿ ಅನ್ನು, ಇಂದ, ಗೆ, ಅಲ್ಲಿ ಅನ್ನೋ ಪ್ರತ್ಯಯ ಇಲ್ಲ, ಆ ಕೆಲಸ ಜಾಗ ಮಾಡತ್ತೆ. ಯಾರು ಯಾರಿಗೆ ಕೊಟ್ರು ಅನ್ನೋದು ಕೈ ಯಾವ ಕಡೆಯಿಂದ ಯಾವ ಕಡೆಗೆ ಹೋಯ್ತು ಅನ್ನೋದ್ರಲ್ಲೇ ಬಂದುಬಿಡತ್ತೆ. ಕಳೆದ ಕಾಲ ಹೆಗಲ ಹಿಂದೆ, ಬರೋ ಕಾಲ ಮುಂದೆ. ಏನು, ಯಾಕೆ, ಎಲ್ಲಿ ಅನ್ನೋ ಪ್ರಶ್ನೆ ಪದ ಸಾಮಾನ್ಯವಾಗಿ ಕೊನೇಲಿ, ಜೊತೆಗೆ ಹುಬ್ಬು, ಕಣ್ಣು ಎಲ್ಲಾ ಸೇರ್ತಾವೆ, ಅಂದ್ರೆ ಮುಖ ಬರೀ ಭಾವ ತೋರ್ಸೋಕಲ್ಲ, ವ್ಯಾಕರಣದ ಭಾಗನೇ. ವಿಲಿಯಂ ಸ್ಟೋಕಿ ಅನ್ನೋ ಇಂಗ್ಲಿಷ್ ಮೇಷ್ಟ್ರು ಅಮೆರಿಕದಲ್ಲಿ ಕಿವುಡರ ಕಾಲೇಜಾದ ಗ್ಯಾಲಡೆಟ್‌ನಲ್ಲಿ ಪಾಠ ಹೇಳ್ತಾ ಇದ್ದಾಗ ಹುಡುಗರ ಕೈ ನೋಡಿ ನೋಡಿ 1960ರಲ್ಲಿ ಬರೆದ, ಕೈ ಆಕಾರ, ಕೈ ಇರೋ ಜಾಗ, ಕೈಯ ಚಲನೆ ಈ ಮೂರು ಸೇರಿ ಸೈನ್ ಆಗ್ತದೆ, ಒಂದು ಬದಲಾದ್ರೆ ಅರ್ಥ ಬದಲಾಗತ್ತೆ, ನಮ್ಮ ಮಾತಲ್ಲಿ ಪ ಹೋಗಿ ಬ ಬಂದಂಗೆ ಅಂತ. ಅಲ್ಲಿವರೆಗೆ ಓದಿದೋರೂ ಅದನ್ನ ಕೈಸನ್ನೆ, ಮೂಕಾಭಿನಯ ಅಂತಲೇ ಅಂದ್ಕೊಂಡಿದ್ರು. ಸ್ಟೋಕಿ ಜೊತೆ ಕೆಲಸ ಮಾಡ್ತಿದ್ದೋರೇ ಮೊದಲಿಗೆ ನಕ್ಕಿದ್ರಂತೆ. ಕಾಲೇಜು ಸ್ಟಾಫ್ ರೂಮ್ ಎಲ್ಲಾ ದೇಶದಲ್ಲೂ ಒಂದೇ ಥರ ಕಾಣತ್ತೆ.

ಮತ್ತೆ ಇನ್ನೊಂದು ತಪ್ಪು ತಿಳುವಳಿಕೆ, ಸೈನ್ ಅಂದ್ರೆ ಲೋಕಕ್ಕೆಲ್ಲಾ ಒಂದೇ ಅನ್ನೋದು. ಅಮೆರಿಕದ್ದು ಬೇರೆ, ಇಂಗ್ಲೆಂಡಿನದ್ದು ಬೇರೆ, ನಮ್ಮದು ಬೇರೆ. ನಮ್ಮಲ್ಲಿ ಅಕ್ಷರ ತೋರ್ಸೋದು ಎರಡೂ ಕೈಯಲ್ಲಿ, ಅದು ಬ್ರಿಟಿಷ್ ಪದ್ಧತಿಯಿಂದ ಬಂದದ್ದು, ಅಮೆರಿಕದೋರದ್ದು ಒಂದೇ ಕೈ. ಇಲ್ಲೇ ಒಂದು ಫಜೀತಿ ಐತೆ, ನಮ್ಮ ಹುಡುಗರು ಬೆರಳಲ್ಲಿ ತೋರ್ಸೋದು ಇಂಗ್ಲಿಷ್ ಎ ಬಿ ಸಿ ಡಿ, ಓದೋ ಪುಸ್ತಕ ಕನ್ನಡ. ಹಂಪಿ ಅನ್ನೋದನ್ನ ಬೆರಳಲ್ಲಿ ಎಚ್-ಎ-ಎಂ-ಪಿ-ಐ ಅಂತ ತೋರ್ಸಿ ಕಾಗದದ ಮೇಲೆ ಕನ್ನಡದಲ್ಲಿ ಬರೀಬೇಕು. ಅದ್ರ ಮೇಲೆ ಮನೆ ಸೈನ್ ಬೇರೆ. ಅವರಮ್ಮ ಅವನ ಜೊತೆ ಮಾತಾಡೋದು ಮನೇಲಿ ತಾವೇ ಮಾಡ್ಕೊಂಡಿರೋ ಸನ್ನೆಗಳಲ್ಲಿ, ರೊಟ್ಟಿ ತಟ್ಟೋದು, ಎಮ್ಮೆ ಕೊಂಬು, ಅಪ್ಪನಿಗೆ ಹೆಗಲ ಮೇಲಿನ ಟವೆಲ್ಲು, ಹಿಂಗೆ. ಅವನಿಗೆ ಪೂರ್ತಿ ಸೈನ್ ಬಂದದ್ದು ಕಿವುಡ ಮಕ್ಕಳ ಶಾಲೆ ಸೇರಿದ ಮೇಲೆ, ಅದೂ ಕ್ಲಾಸಲ್ಲಿ ಅಲ್ಲ, ಹಾಸ್ಟೆಲ್‌ನಲ್ಲಿ, ರಾತ್ರಿ ಲೈಟ್ ಆರ್ಸೋವರೆಗೂ ದೊಡ್ಡ ಹುಡುಗರ ಕೈ ನೋಡಿ.

ಕ್ಲಾಸಲ್ಲಿ ಯಾಕೆ ಅಲ್ಲ ಅಂದ್ರೆ ಅದಕ್ಕೊಂದು ಇತಿಹಾಸ ಐತೆ, ನಾನು ಇತಿಹಾಸದೋಳು, ಹೇಳ್ದೆ ಬಿಡಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ಆಯ್ತು. 164 ಜನ ಪ್ರತಿನಿಧಿಗಳು, ಅದ್ರಲ್ಲಿ ಕಿವುಡರು ಒಬ್ಬರೇ ಒಬ್ರು. ಸೈನ್‌ಗಿಂತ ಬಾಯಿಮಾತೇ ಶ್ರೇಷ್ಠ, ಶಾಲೇಲಿ ಮಾತಿನ ಪದ್ಧತಿನೇ ಇರ್ಬೇಕು ಅಂತ ಠರಾವು ಪಾಸು ಮಾಡಿದ್ರು. ಅದಕ್ಕೂ ನೂರು ವರ್ಷ ಹಿಂದೆ ಪ್ಯಾರಿಸ್‌ನಲ್ಲಿ ಅಬೆ ಡಿ ಲೆಪೆ ಅನ್ನೋ ಪಾದ್ರಿ ಸೈನ್ ಬಳಸಿನೇ ಶಾಲೆ ನಡೆಸಿದ್ದ, ಅಮೆರಿಕದಲ್ಲಿ 1864ರಲ್ಲಿ ಲಿಂಕನ್ ಸಹಿ ಹಾಕಿ ಕಿವುಡರಿಗೆ ಡಿಗ್ರಿ ಕೊಡೋ ಕಾಲೇಜೇ ಶುರುವಾಗಿತ್ತು, ಅದೇ ಗ್ಯಾಲಡೆಟ್. ಅಷ್ಟೆಲ್ಲಾ ಇದ್ರೂ ಮಿಲಾನ್ ಆದ್ಮೇಲೆ ಎಷ್ಟೋ ದೇಶಗಳಲ್ಲಿ ಕಿವುಡ ಮೇಷ್ಟ್ರುಗಳ ಕೆಲಸ ಹೋಯ್ತು, ಮಕ್ಕಳು ಕೈ ಆಡಿಸಿದ್ರೆ ಹೊಡೆತ. ಮುಂಬೈಯಲ್ಲಿ, ಆಮೇಲೆ 1893ರಲ್ಲಿ ಕಲ್ಕತ್ತಾದಲ್ಲಿ ಕಿವುಡರ ಶಾಲೆ ಶುರುವಾಗಿದ್ದು ಅದೇ ಗಾಳಿ ಬೀಸ್ತಿದ್ದ ಕಾಲದಲ್ಲಿ, ಹಂಗಾಗಿ ಮಾತಾಡಿಸೋದೇ ಶಿಕ್ಷಣ ಅನ್ನೋದು ನಮ್ಮಲ್ಲೂ ಬೇರು ಬಿಡ್ತು. 2010ರಲ್ಲಿ ವ್ಯಾಂಕೂವರ್‌ನಲ್ಲಿ ಅದೇ ಸಮ್ಮೇಳನದೋರು ಸೇರಿ ಮಿಲಾನ್ ಠರಾವುಗಳನ್ನ ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿದ್ರು. 130 ವರ್ಷ ಬೇಕಾಯ್ತು. ನಾವು ತುಘಲಕ್ಕನಿಗೆ ಬೈತಾ ಕೂತಿರ್ತೀವಿ.

ನಾನು ಹಿಯರಿಂಗ್ ಏಡ್, ಸ್ಪೀಚ್ ಥೆರಪಿ, ಕಾಕ್ಲಿಯರ್ ಇಂಪ್ಲಾಂಟ್ ಎಲ್ಲಾ ಬೇಡ ಅಂತಿಲ್ಲ. ಮೈಸೂರಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಐತೆ, ಎಷ್ಟೋ ಮಕ್ಕಳಿಗೆ ಅಲ್ಲಿಂದ ಅನುಕೂಲ ಆಗೈತೆ. ಆದ್ರೆ ಕುರುಗೋಡಿನಿಂದ ಮೈಸೂರಿಗೆ ಎಷ್ಟು ದೂರ ಅಂತ ಬಸ್ಸಲ್ಲಿ ಕೂತು ನೋಡ್ಬೇಕು. ಹಳ್ಳೀಲಿ ಮಗು ಮಾತಾಡ್ತಿಲ್ಲ ಅಂದ್ರೆ ತಡವಾಗಿ ಮಾತು ಬರತ್ತೆ ಬಿಡು, ಅವರ ಮಾವನಿಗೂ ಹಂಗೇ ಇತ್ತು ಅಂತ ನಾಕೈದು ವರ್ಷ ಕಳೀತದೆ, ಭಾಷೆ ಕಲಿಯೋಕೆ ತಲೆ ಹದವಾಗಿರೋ ವಯಸ್ಸೇ ಅದು, ಆ ವಯಸ್ಸಲ್ಲಿ ಮಗುವಿಗೆ ಯಾವ ಭಾಷೆನೂ ಪೂರ್ತಿ ಸಿಗ್ಲಿಲ್ಲ ಅಂದ್ರೆ ಮುಂದೆ ಗಣಿತ, ವಿಜ್ಞಾನ, ಇತಿಹಾಸ ಯಾವ ಗೋಡೆ ಮೇಲೆ ಕಟ್ಟೋದು? ಸೈನ್ ಮೊದಲ ದಿನದಿಂದ ಕಣ್ಣಿಗೆ ಕಾಣತ್ತೆ, ಅದಕ್ಕೆ ಮಷಿನ್ ಬೇಡ, ಬ್ಯಾಟರಿ ಬೇಡ.

ಪಾಠದ ವಿಷಯಕ್ಕೆ ಬರ್ತೀನಿ. ನಾನು ಸೈನ್ ಕಲಿಯೋಕೆ ಶುರು ಮಾಡಿದ್ದು ಯೂಟ್ಯೂಬ್‌ನಿಂದ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸೈನ್ ಲ್ಯಾಂಗ್ವೇಜ್ ಸಂಶೋಧನಾ ಕೇಂದ್ರದೋರು ಡಿಕ್ಷನರಿ ಮಾಡಿದ್ದಾರೆ, 2018ರಲ್ಲಿ 3,000 ಪದ ಇದ್ದದ್ದು 2021ರ ಹೊತ್ತಿಗೆ 10,000 ಆಗೈತೆ, ವಿಡಿಯೋ ಎಲ್ಲಾ ಫ್ರೀ. ಆದ್ರೆ ಡಿಕ್ಷನರಿ ನೋಡಿ ಭಾಷೆ ಬರಲ್ಲ ಅನ್ನೋದು ಸಂಸ್ಕೃತ ಓದಿದೋರಿಗೆಲ್ಲಾ ಗೊತ್ತು. ಬಂದದ್ದು ಅವನಿಂದ, ಅವ್ನ ಗೆಳೆಯರಿಂದ. ಒಬ್ಬ ಜೀನ್ಸ್ ಹೊಲಿಯೋ ಘಟಕದಲ್ಲಿ ಕೆಲಸಕ್ಕಿದ್ದಾನೆ, ಒಬ್ಬ ಮೊಬೈಲ್ ರಿಪೇರಿ, ಭಾನುವಾರ ಮೋತಿ ಸರ್ಕಲ್ ಕಡೆ ಟೀ ಅಂಗಡಿ ಮುಂದೆ ಸೇರ್ತಾರೆ, ಲಾರಿ, ಆಟೋ ಹಾರ್ನ್ ಮಧ್ಯೆ ನಾವು ಕಿರುಚ್ಕೊಂಡು ಮಾತಾಡ್ತಿರ್ತೀವಿ, ಅವರು ರಸ್ತೆ ಆ ಕಡೆ ಈ ಕಡೆ ನಿಂತು ಆರಾಮಾಗಿ ಹರಟೆ. ಬಸ್‌ಸ್ಟ್ಯಾಂಡಲ್ಲಿ ಕೆಕೆಆರ್‌ಟಿಸಿ ಬಸ್ಸಿನ ಕಿಟಕಿ ಗ್ಲಾಸ್ ಮುಚ್ಚಿದ್ರೂ ಒಳಗಿನೋನು ಹೊರಗಿನೋನು ಮಾತಾಡ್ತಾನೇ ಇರ್ತಾರೆ, ಬಸ್ ತಿರುಗೋವರೆಗೂ. ನನಗೆ ಅಲ್ಲೇ ಒಂದು ಹೆಸರೂ ಇಟ್ರು, ಎರಡು ಬೆರಳಲ್ಲಿ ಮೂಗಿನ ಮೇಲೆ ಕನ್ನಡಕ ಮೇಲೆ ತಳ್ಳೋದು. ಪಾಠ ಹೇಳೋವಾಗ ನಾನು ಹಂಗೆ ಮಾಡ್ತಾನೇ ಇರ್ತೀನಂತೆ. ಮನೇಲಿ ಕೇಳಿದ್ರೆ ಹೌದು ಅಂದ್ರು.

ಇತಿಹಾಸದ ಜನರಿಗೂ ಹೆಸರು ಬೇಕಲ್ಲ. ಕೃಷ್ಣದೇವರಾಯನಿಗೆ ತಲೆಯಿಂದ ಮೇಲಕ್ಕೆ ಉದ್ದ ಕುಲ್ಲಾಯಿ. ಆದಿಲ್ ಶಾಗೆ ಗೋಳಗುಮ್ಮಟದ ಗುಂಡು ಎರಡೂ ಕೈಯಲ್ಲಿ, ಆ ಗುಮ್ಮಟ ಕಟ್ಸಿದ್ದು ನೂರು ವರ್ಷ ಆಮೇಲಿನ ಮಹಮ್ಮದ್ ಆದಿಲ್ ಶಾ ಅಂತ ನಾನು ತಕರಾರು ತೆಗೆದೆ, ವಂಶಕ್ಕೆಲ್ಲಾ ಅದೇ ಇರ್ಲಿ, ಇಸ್ಮಾಯಿಲ್‌ಗೆ ಅದ್ರ ಜೊತೆ ಐ ಅಂತ ಒಂದು ಅಕ್ಷರ ಸೇರ್ಸೋಣ ಅಂತ ಅವನೇ ಪರಿಹಾರ ಕೊಟ್ಟ. ದೋಆಬ್ ಹೇಳೋಕಂತೂ ಪುಸ್ತಕವೇ ಬೇಡ, ಮೇಲೊಂದು ಕೈ ಹರಿಯೋ ಕೃಷ್ಣೆ, ಕೆಳಗೊಂದು ಕೈ ಹರಿಯೋ ತುಂಗಭದ್ರೆ, ನಡುವಿನ ಜಾಗ ಹಂಗೇ ಗಾಳಿಯಲ್ಲಿ ನಿಂತಿರತ್ತೆ, ಅಲ್ಲಿ ಒಂದು ಕೋಟೆ ಇಟ್ರೆ ರಾಯಚೂರು. ಆಮೇಲೆ ಯಾವ ಸೈನ್ಯ ಎಲ್ಲಿಂದ ಬಂತು, ಯಾರು ಯಾವ ನದಿ ಕಡೆ ಓಡಿದ್ರು ಎಲ್ಲಾ ಆ ನಕ್ಷೆ ಮೇಲೇ ನಡೀತದೆ. ರೈತವಾರಿ ಪದ್ಧತಿ ನಮ್ಮ ಪಠ್ಯದಲ್ಲಿ ಒಂದೂವರೆ ಪುಟ ಐತೆ, ಸುತ್ತಿ ಬಳಸಿ. ಇವ್ನು ನಾನು ಹೇಳಿದ್ದನ್ನ ಪಕ್ಕದ ಹುಡುಗನಿಗೆ ತಿರುಗಿ ಹೇಳಿದ್ದು ಹಿಂಗೆ: ಬಲಗೈ ಮೇಲೆ, ಅದು ಸರ್ಕಾರ. ಎಡಗೈ ಕೆಳಗೆ, ರೈತ. ನಡುವೆ ದೊಡ್ಡ ಹೊಟ್ಟೆಯೋನು ಒಬ್ಬ, ಜಮೀನ್ದಾರ, ಅವನನ್ನ ಎತ್ತಿ ಪಕ್ಕಕ್ಕೆ ಹಾಕಿ ಕೆಳಗಿನ ಕೈಯಿಂದ ಮೇಲಿನ ಕೈಗೆ ನೇರ ದುಡ್ಡು. ಆಮೇಲೆ ಮುಖ ಕಿವುಚಿ, ದುಡ್ಡು ಹೋಗೋದಂತೂ ನಿಲ್ಲಲಿಲ್ಲ. ಕ್ಲಾಸೆಲ್ಲಾ ನಕ್ತು. ಆ ವರ್ಷ ರೈತವಾರಿ ಪ್ರಶ್ನೆಗೆ ಕಿವಿ ಕೇಳೋ ಹುಡುಗರೂ ಚೆನ್ನಾಗಿ ಬರೆದ್ರು, ಕೆಲವ್ರು ಬರೀವಾಗ ಪರೀಕ್ಷಾ ಹಾಲ್‌ನಲ್ಲಿ ಕೈ ಆಡಿಸ್ಕೊಂಡು ನೆನಪು ಮಾಡ್ಕೊಂಡ್ರಂತೆ, ಸೂಪರ್‌ವೈಸರ್ ಗದರಿದ್ರು ಕಾಪಿ ಹೊಡೀತಿದೀರಾ ಅಂತ.

ಸಂಗನಕಲ್ಲಿಗೆ ಟ್ರಿಪ್ ಕರ್ಕೊಂಡು ಹೋದಾಗಿನದ್ದೂ ಹೇಳ್ಬೇಕು. ಊರಿಂದ ಸ್ವಲ್ಪ ದೂರದಲ್ಲೇ ನವಶಿಲಾಯುಗದ ಗುಡ್ಡ, ಕಪ್ಪು ಬಂಡೆಗಳ ಮೇಲೆ ಎತ್ತು, ಮನುಷ್ಯರ ಕೆತ್ತನೆ, ಕೆಲವು ಬಂಡೆ ಕಲ್ಲಿಂದ ಬಡಿದ್ರೆ ಗಂಟೆ ಥರ ನಾದ ಮಾಡ್ತಾವೆ, ಬಡಿದು ಬಡಿದು ಗುಳಿ ಬಿದ್ದಾವೆ. ಎಲ್ಲಾ ಹುಡುಗ್ರು ನಾದಕ್ಕೆ ಮುಗಿಬಿದ್ರು. ನಮ್ಮ ಜೊತೆ ಬಂದಿದ್ದ ಸರ್ ಒಬ್ರು ಇವ್ನ ಕೈ ಹಿಡಿದು ಬಂಡೆ ಮೇಲಿಟ್ಟು ನೋಡು ನೋಡು ನಡುಗತ್ತೆ ಅಂತ ಕಣ್ಣಲ್ಲಿ ನೀರು ತುಂಬ್ಕೊಂಡ್ರು. ಇವ್ನು ಮರ್ಯಾದೆಗೆ ಒಂದು ನಿಮಿಷ ಕೈ ಇಟ್ಟು ಆಮೇಲೆ ನನ್ ಕಡೆ ತಿರುಗಿ ಕೇಳಿದ್ದು, ಆ ಎತ್ತು ಅಷ್ಟು ಮೇಲೆ ಕೆತ್ತಿದ್ದಾರಲ್ಲ, ನಿಲ್ಲೋಕೆ ಜಾಗ ಎಲ್ಲೈತೆ, ಹೆಂಗೆ ಕೆತ್ತಿದ್ರು? ಪುರಾತತ್ವದೋರು ತಲೆ ಕೆಡಿಸ್ಕೊಂಡಿರೋ ಪ್ರಶ್ನೆನೇ ಅದು, ಕೆಲವು ಚಿತ್ರ ಕೆತ್ತಬೇಕಂದ್ರೆ ಮನುಷ್ಯ ಮೇಲಿಂದ ಜೋತಾಡಿರ್ಬೇಕು ಅಂತ ಅವರೂ ಬರೆದಿದ್ದಾರೆ. ಇಡೀ ಬ್ಯಾಚಲ್ಲಿ ಅದನ್ನ ಕೇಳಿದೋನು ಇವನೊಬ್ಬನೇ. ಕನಿಕರ ಮಾಡೋರು ಸ್ವಲ್ಪ ಪಕ್ಕಕ್ಕೆ ಸರಿದ್ರೆ ಇವರೊಳಗಿನ ವಿದ್ಯಾರ್ಥಿ ಕಾಣ್ತಾನೆ ಅಂತ ಸ್ಟಾಫ್ ರೂಮ್‌ನಲ್ಲಿ ಹೇಳಿದ್ದಕ್ಕೆ ಆ ಸರ್ ಎರಡು ದಿನ ಮಾತು ಬಿಟ್ಟಿದ್ರು.

ಕಾನೂನು ಇಲ್ಲ ಅಂತೇನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣದಲ್ಲಿ 5% ಸೀಟು, ಸೈನ್ ಗೊತ್ತಿರೋ ಶಿಕ್ಷಕರನ್ನ ತಯಾರು ಮಾಡ್ಬೇಕು ಅನ್ನೋದು ಎಲ್ಲಾ ಬರೆದಿಟ್ಟಿದ್ದಾರೆ. 2020ರ ಶಿಕ್ಷಣ ನೀತಿ ಸೈನ್ ಲ್ಯಾಂಗ್ವೇಜ್‌ನ ದೇಶಕ್ಕೆಲ್ಲಾ ಒಂದು ಮಟ್ಟಕ್ಕೆ ತರ್ತೀವಿ ಅಂತು, 2021ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಅಂದ್ರೆ ಎನ್‌ಐಒಎಸ್‌ನಲ್ಲಿ ಅದೊಂದು ಭಾಷಾ ವಿಷಯನೇ ಆಯ್ತು, ಎನ್‌ಸಿಇಆರ್‌ಟಿ ಪುಸ್ತಕಗಳು ಸೈನ್ ವಿಡಿಯೋ ಆಗಿ ಬರ್ತಿದಾವೆ, 2024ರ ಡಿಸೆಂಬರ್‌ನಲ್ಲಿ ಅದಕ್ಕೆ ಅಂತಲೇ ಒಂದು ಟೀವಿ ಚಾನೆಲ್ ಬಂತು. 2023ರಲ್ಲಿ ಬೆಂಗಳೂರಲ್ಲಿ ಲಾ ಓದಿದ, ಕಿವಿ ಕೇಳದ ವಕೀಲೆ ಸಾರಾ ಸನ್ನಿ ಇಂಟರ್‌ಪ್ರಿಟರ್ ಜೊತೆ ಸುಪ್ರೀಂ ಕೋರ್ಟಲ್ಲಿ ವಾದ ಮಾಡಿದಾಗ ನಮ್ಮ ಹುಡುಗ ಆ ವಿಡಿಯೋ ಊರಿಗೆಲ್ಲಾ ಕಳ್ಸಿದ್ದ. ಸುಪ್ರೀಂ ಕೋರ್ಟಲ್ಲಿ ಇಂಟರ್‌ಪ್ರಿಟರ್ ನಿಲ್ಲಬಹುದು, ನಮ್ಮ ಬಿಎ ಕ್ಲಾಸಲ್ಲಿ ಯಾಕಿಲ್ಲ ಅಂತ. ಹೌದಲ್ಲ. ಇಲ್ಲಿ ಪರೀಕ್ಷೇಲಿ ಗಂಟೆಗೆ 20 ನಿಮಿಷ ಜಾಸ್ತಿ ಕೊಡ್ತಾರೆ, ಅಷ್ಟೇ. ಪಾಠನೇ ತಲುಪದೇ ಇರೋನಿಗೆ ಬರೆಯೋಕೆ ಟೈಮ್ ಜಾಸ್ತಿ ಕೊಟ್ರೆ ಏನ್ ಮಾಡ್ತಾನೆ, ಫ್ಯಾನ್ ನೋಡ್ತಾ ಕೂರ್ತಾನೆ.

ನನ್ ಪ್ರಕಾರ ಗಂಟು ಇರೋದು ಇಲ್ಲಿ: ನಮ್ಮ ವ್ಯವಸ್ಥೆ ಸೈನ್‌ನ ಒಂದು ಸೌಲಭ್ಯ ಅಂತ ನೋಡತ್ತೆ, ವ್ಹೀಲ್‌ಚೇರು, ರ‍್ಯಾಂಪು, ಬಸ್ ಪಾಸು ಇವುಗಳ ಲಿಸ್ಟಲ್ಲಿ ಸೇರ್ಸಿಬಿಡತ್ತೆ, ಹಂಗಾಗಿ ದುಡ್ಡಿದ್ರೆ ಕೊಡೋಣ, ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ. ಮೀಡಿಯಂ ಅಂತ ನೋಡಿದ್ರೆ ಕಥೆನೇ ಬೇರೆ. ಇಂಗ್ಲಿಷ್ ಮೀಡಿಯಂ ಅಂತ ಸೇರಿಸ್ಕೊಂಡು ಇಂಗ್ಲಿಷಲ್ಲಿ ಪಾಠ ಹೇಳೋರಿಲ್ಲ ಅಂದ್ರೆ ಪೇರೆಂಟ್ಸ್ ಬಂದು ಗಲಾಟೆ ಮಾಡ್ತಾರೆ, ಯೂನಿವರ್ಸಿಟಿಯೋರು ಅಫಿಲಿಯೇಶನ್ ಫೈಲ್ ತೆಗೀತಾರೆ. ಸೈನ್ ಮೀಡಿಯಂ ಅಂತ ಒಂದು ಟಿಕ್ ಬಾಕ್ಸ್ ಇದ್ರೆ, ಅದಕ್ಕೆ ಟಿಕ್ ಬಿದ್ರೆ, ಜಿಲ್ಲೆಗೆ ಒಂದಾದ್ರೂ ಕಾಲೇಜಲ್ಲಿ ಅಂಥಾ ಮಕ್ಕಳನ್ನ ಒಟ್ಟಿಗೆ ಸೇರ್ಸಿ ಇಬ್ರು ಇಂಟರ್‌ಪ್ರಿಟರ್ ಕೊಡಲೇಬೇಕಾಗತ್ತೆ. ಒಬ್ಬೊಬ್ಬರನ್ನ ಒಂದೊಂದು ತಾಲೂಕು ಕಾಲೇಜಲ್ಲಿ ಚೆದುರಿಸಿದ್ರೆ ಯಾರಿಗೂ ಏನೂ ಸಿಗಲ್ಲ, ಪಕ್ಕ ಕೂರೋಕೆ ಒಬ್ಬ ಮಾತಾಡೋ ಗೆಳೆಯನೂ ಸಿಗಲ್ಲ. ಇಂಟರ್‌ಪ್ರಿಟರ್ ಆಗೋಕೆ ಎರಡು ವರ್ಷದ ಡಿಪ್ಲೊಮಾ ಐತೆ, ಕಿವುಡರಿಗೇ ಸೈನ್ ಮೇಷ್ಟ್ರಾಗೋಕೆ ಬೇರೆ ಡಿಪ್ಲೊಮಾ ಐತೆ, ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371ಜೆ ವಿಧಿ ಅಡಿ ದುಡ್ಡು ಬರತ್ತೆ, ಕಟ್ಟಡಕ್ಕೇ ಎಲ್ಲಾ ಸುರಿಯೋ ಬದ್ಲು ಈ ಕೋರ್ಸ್ ಒಂದನ್ನ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರು ಜಿಲ್ಲೆಗೂ ಸೇರ್ಸಿ ಎಲ್ಲಾದ್ರೂ ಒಂದ್ಕಡೆ ತಂದ್ರೂ ಸಾಕು. ಮತ್ತೆ 2022ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿ ಮಾಡೋರಿಗೆ ಬೋಧನೆ ತರಬೇತಿನೂ ಇರ್ಬೇಕು ಅಂತ ಐತಲ್ಲ, ಅದ್ರೊಳಗೆ ಒಂದಷ್ಟು ತಾಸು ಸೈನ್ ಇಡ್ರಿ, ಕಲಿಸೋಕೆ ಕಿವುಡರನ್ನೇ ಕರೀರಿ, ಅವರಿಗೂ ಒಂದು ಕೆಲಸ ಆಗತ್ತೆ. ಎಲ್ಲರೂ ಪಂಡಿತರಾಗ್ಬೇಕಿಲ್ಲ, ಸ್ಟೂಡೆಂಟ್ ಬಂದು ಏನೋ ಕೇಳಿದಾಗ ಪೆನ್ನು ಹುಡುಕದೇ ಉತ್ತರ ಕೊಡೋಷ್ಟು ಬಂದ್ರೆ ಆಯ್ತು.

ಅವ್ನು ಈಗ ಎಂಎ ಮಾಡ್ಬೇಕು ಅಂತಿದ್ದಾನೆ, ಇತಿಹಾಸನೇ. ಅವರಪ್ಪ ಜಿಂದಾಲ್ ಸ್ಟೀಲ್ ಫ್ಯಾಕ್ಟರಿ ಕಡೆ ಏನಾದ್ರೂ ಕೆಲಸ ನೋಡು ಅಂತಿದ್ದಾರೆ, ಅವರದ್ದೂ ತಪ್ಪಲ್ಲ. ನಾನು ಅರ್ಜಿ ಹಾಕು ಅಂತ ಹೇಳಿದೀನಿ, ಎಂಟ್ರೆನ್ಸ್‌ಗೆ ಓದಿಸೋ ಕೆಲಸ ಸಂಜೆ ಹೊತ್ತು ನಡೀತಾ ಐತೆ, ನನ್ ಪಿಎಚ್‌ಡಿ ಅಧ್ಯಾಯ ಅಲ್ಲೇ ನಿಂತೈತೆ, ಗೈಡ್ ಈ ಪೋಸ್ಟ್ ಓದ್ತಿದ್ರೆ ಕ್ಷಮಿಸ್ಬೇಕು. ಸದ್ಯಕ್ಕೆ ನಾವಿಬ್ರೂ ಸಿಕ್ಕಾಕ್ಕೊಂಡಿರೋದು ಪಾಳೇಗಾರ ಅನ್ನೋ ಸೈನ್ ಹತ್ರ. ಡಿಕ್ಷನರೀಲಿ ರಾಜ ಇದಾನೆ, ಸೈನಿಕ ಇದಾನೆ, ಪಾಳೇಗಾರ ಕಾಣ್ಲಿಲ್ಲ. ಬಳ್ಳಾರಿ ಕೋಟೆ ಕಟ್ಸಿದ ಹಂಡೆ ಹನುಮಪ್ಪ ನಾಯಕನ್ನ ಹೇಳೋಕೆ ಮೀಸೆ ತಿರುವಿ ಕೆಳಗೊಂದು ಗುಡ್ಡ ತೋರ್ಸ್ತಾ ಇದ್ವಿ, ಆದ್ರೆ ಅವ್ನ ಗೆಳೆಯರು ಅದನ್ನ ನೋಡಿ ಪೊಲೀಸ್ ಸ್ಟೇಷನ್ನಾ ಅಂತ ಕೇಳ್ತಿದ್ದಾರೆ. ಚಿತ್ರದುರ್ಗ, ಹರಪನಹಳ್ಳಿ ಕಡೆ ಕಿವುಡ ಗೆಳೆಯರು ಯಾರಾದ್ರೂ ಇದಕ್ಕೆ ಬೇರೆ ಸೈನ್ ಬಳಸ್ತಿದ್ರೆ ದಯವಿಟ್ಟು ಒಂದು ವಿಡಿಯೋ ಮಾಡಿ ಕಳಿಸ್ರಿ, ಜೂನ್ ಒಳಗೆ ಬೇಕು.